ಗಾಳಕ್ಕೆ ಕಟ್ಟುವ ರಬ್ಬರು

ಗಾಳದ ಕೋಲಿನ ತುದಿಗೆ ರಬ್ಬರು ಕಟ್ಟಿದ್ದು ಕಂಡರೆ ನಮ್ಮೂರಲ್ಲಿ ಈಗಲೂ ನಗುವವರಿದ್ದಾರೆ. ‘ಏನಣ್ಣ, ಮೀನಿಗೆ ಉಯ್ಯಾಲೆ ಕಟ್ಟಿದ್ದೀಯಾ?’ ಅಂತ ಕೆರೆ ಏರಿ ಮೇಲೆ ಹೋಗೋರು ಕೇಳ್ತಾರೆ. ಕೇಳಲಿ. ದೊಡ್ಡ ಮೀನು ದಾರ ಕಿತ್ತುಕೊಂಡು ಹೋದಮೇಲೆ ಬರೀ ಕೋಲು ಹಿಡಕೊಂಡು ನಿಂತವರಲ್ಲಿ ಅವರೂ ಇದ್ದಾರೆ, ನಾನೂ ಇದ್ದೀನಿ.

ವಾಚನಾಲಯದ ಪುಸ್ತಕಕ್ಕೆ ಕೋಲಾಟದ ಪದಗಳ ಬಗ್ಗೆ ಬರೆದುಕೊಡಿ ಅಂತ ಮೇಷ್ಟ್ರು ಕೇಳಿದ್ದರು. ಪದ ಹಾಡು ಅಂದರೆ ಹಾಡಿಬಿಡ್ತೀನಿ, ಅದರ ಬಗ್ಗೆ ಬರೆಯೋದು ನನ್ನ ಕೈಲಿ ಆಗಲ್ಲ. ರಬ್ಬರಿನ ವಿಷಯ ಆದರೆ ಬರೀತೀನಿ ಅಂದೆ. ಅವರೂ ನಕ್ಕರು. ಆಮೇಲೆ ‘ಬರೀರಿ, ನೋಡೋಣ’ ಅಂದರು.

ಮೊದಲು ನಮ್ಮ ಗಾಳದ ವಿಷಯ ಹೇಳಬೇಕು. ಪೇಟೆಯಲ್ಲಿ ಮಾರುವ ಕೋಲಿಗೆ ಬುಡದಲ್ಲಿ ಒಂದು ರಾಟೆ ಇರುತ್ತೆ. ಮೀನು ಜೋರಾಗಿ ಎಳೆದರೆ ರಾಟೆ ತಿರುಗಿ ದಾರ ಬಿಚ್ಚಿಕೊಳ್ಳುತ್ತೆ, ಮೀನು ಸುಸ್ತಾದ ಮೇಲೆ ಸುತ್ತಿಕೊಳ್ಳಬಹುದು. ನಮ್ಮ ಗಾಳಕ್ಕೆ ರಾಟೆ ಇಲ್ಲ. ಹತ್ತು ಹನ್ನೆರಡು ಅಡಿ ಬಿದಿರು, ತುದಿಗೆ ಹೆಚ್ಚೂಕಮ್ಮಿ ಅಷ್ಟೇ ಉದ್ದದ ನೈಲಾನ್ ದಾರ, ನಡುವೆ ಹವಾಯಿ ಚಪ್ಪಲಿ ಕತ್ತರಿಸಿದ ಬೆಂಡು, ಕೆಳಗೆ ಒಂದು ಸೀಸದ ಗುಂಡು, ಕೊನೆಗೆ ಮುಳ್ಳು. ಇಷ್ಟೇ. ಮುಳ್ಳು ಚುಚ್ಚಿದ ಮೀನಿಗೆ ಓಡೋಕೆ ಇರೋ ಜಾಗ ಅಷ್ಟೇ, ನಮಗೆ ಬಿಡೋಕೆ ಇರೋ ದಾರವೂ ಅಷ್ಟೇ.

ಕೋಲು ಆರಿಸೋದು ಎಲ್ಲರಿಗೂ ಗೊತ್ತಿರೋ ವಿಷಯ, ಬೇಗ ಹೇಳಿ ಮುಗಿಸ್ತೀನಿ. ಏಣಿ ಮಾಡುವ ದಪ್ಪ ಬಿದಿರು ಬೇಡ, ಒಳಗೆ ಪೊಳ್ಳು ಕಮ್ಮಿ ಇರೋ ಸಣ್ಣ ಗಟ್ಟಿ ಬಿದಿರು ಬೇಕು. ಎಳೇದು ಕಡಿದರೆ ಒಣಗುವಾಗ ಸುಕ್ಕಾಗುತ್ತೆ, ಮೂರು ವರ್ಷ ಬಲಿತದ್ದು ಆಗಬೇಕು. ಹದಿನೈದು ದಿನ ನೀರಲ್ಲಿ ಮುಳುಗಿಸಿಟ್ಟರೆ ಹುಳ ಕೊರೆಯೋದು ಕಮ್ಮಿ. ಆಮೇಲೆ ನೆರಳಲ್ಲಿ ತುದಿಗೆ ಕಲ್ಲು ಕಟ್ಟಿ ನೇತು ಹಾಕಬೇಕು. ಡೊಂಕು ಉಳಿದಿದ್ದರೆ ಬೆಂಕಿ ಶಾಖಕ್ಕೆ ಹಿಡಿದು ನೆಟ್ಟಗೆ ಮಾಡಬೇಕು. ತುದಿ ಬಾಗಬೇಕು, ನಡು ಬಾಗಬಾರದು.

ಒಳ್ಳೇ ಕೋಲು ಇದ್ದರೂ ದಾರ ಯಾಕೆ ಕಿತ್ತೋಗುತ್ತೆ? ಇದನ್ನ ನಾನು ಬಹಳ ವರ್ಷ ಯೋಚನೆ ಮಾಡಿರಲಿಲ್ಲ. ದಾರ ಹಳೇದು, ಗಂಟು ಸರಿಯಿಲ್ಲ ಅಂತ ಬೈದುಕೊಂಡು ಸುಮ್ಮನಾಗ್ತಿದ್ದೆ. ಕಾರಣ ಹೇಳಿದ್ದು ನನ್ನ ತಮ್ಮ. ಕೋಲು ಎತ್ತಿ ಹಿಡಿದಿರುವಾಗ ಮೀನು ಎಳೆದರೆ ತುದಿ ಬಾಗುತ್ತೆ, ಬಾಗಿದಷ್ಟೂ ದಾರಕ್ಕೆ ಉಸಿರು. ಆದರೆ ದೊಡ್ಡ ಮೀನು ಪಕ್ಕಕ್ಕೆ ಹೋಗಲ್ಲ, ನಮ್ಮಿಂದ ದೂರಕ್ಕೆ ನೇರ ಓಡುತ್ತೆ. ಆಗ ಕೋಲೂ ಅದರ ಕಡೆಗೇ ಬಗ್ಗಿಬಿಡುತ್ತೆ. ಕೋಲು, ದಾರ, ಮೀನು ಮೂರೂ ಒಂದೇ ಗೆರೆಗೆ ಬಂದರೆ ಬಾಗೋಕೆ ಏನೂ ಉಳಿಯಲ್ಲ. ಒಂದು ಜಗ್ಗು, ಆಯ್ತು. ‘ದಾರ ಭಾರಕ್ಕೆ ಕೀಳಲ್ಲ ಅಣ್ಣಯ್ಯ, ಜಗ್ಗುಕ್ಕೆ ಕೀಳುತ್ತೆ’ ಅಂದಿದ್ದ. ಐದು ಕಿಲೋ ಕಲ್ಲು ಮೆಲ್ಲಗೆ ಎತ್ತುವ ದಾರ ಎರಡು ಕಿಲೋ ಮೀನಿನ ಜಗ್ಗುಕ್ಕೆ ಹರಿದುಹೋಗುತ್ತೆ. ಕೋಲು ನೇರ ಆದಾಗಲೂ ಬಿಟ್ಟುಕೊಡೋದು ಒಂದು ಬೇಕು. ಅದಕ್ಕೇ ರಬ್ಬರು.

ಅವನಿಗೆ ರಬ್ಬರು ಗೊತ್ತಿದ್ದದ್ದು ಸೈಕಲ್ ಶಾಪಿನಿಂದ. ನನಗಿಂತ ಮೂರು ವರ್ಷ ಚಿಕ್ಕವನು. ನಾನು ಏಳನೇ ಕ್ಲಾಸಿಗೆ ಬಿಟ್ಟು ಆರಂಬಕ್ಕೆ ನಿಂತೆ, ಅವನು ಪಂಕ್ಚರ್ ಹಾಕೋಕೆ ಹೋದ. ಸಾಯಂಕಾಲ ಬರುವಾಗ ಜೇಬಲ್ಲಿ ಹಳೇ ಟ್ಯೂಬಿನ ತುಂಡು ಇರ್ತಿದ್ದವು. ಮೊದಲು ಚಾಟರಬಿಲ್ಲು ಮಾಡಿದ. ಆಮೇಲೆ ಒಂದು ದಿನ ಕೋಲಿನ ತುದಿಗೂ ದಾರಕ್ಕೂ ನಡುವೆ ಒಂದು ಗೇಣು ಕೆಂಪು ಟ್ಯೂಬು ಕಟ್ಟಿದ. ನಾನೂ ನಕ್ಕಿದ್ದೆ. ಆ ವಾರವೇ ಅದರಲ್ಲಿ ಒಂದು ಗೆಂಡೆ ಹಿಡಿದೆವು. ಅವತ್ತೇ ನಮ್ಮಿಬ್ಬರಲ್ಲಿ ಒಂದು ಮಾತಾಯ್ತು: ಕೋಲು ಹಿಡಿದವನಿಗೆ ಬಾಲದ ಕಡೆ, ರಬ್ಬರು ಕಟ್ಟಿದವನಿಗೆ ತಲೆ ಕಡೆ. ದೊಡ್ಡ ಮೀನಿನ ತಲೆ ಸಾರಿಗೆ ಎಷ್ಟು ರುಚಿ ಅಂತ ನಿಮಗೆಲ್ಲ ಗೊತ್ತು. ಅವನು ಬುದ್ಧಿವಂತ.

ರಬ್ಬರಲ್ಲಿ ಎಷ್ಟು ಜಾತಿ ಇದೆ ಅಂತ ಈಗ ಹೇಳ್ತೀನಿ. ಇದೆಲ್ಲ ಒಂದೊಂದು ಮೀನು ಕಳಕೊಂಡು ಕಲಿತದ್ದು.

ಮೊದಲನೇದು ಚಡ್ಡಿಗೆ ಹಾಕುವ ಎಲಾಸ್ಟಿಕ್. ಅಂಗಡಿಯಲ್ಲಿ ಸುಲಭಕ್ಕೆ ಸಿಗುತ್ತೆ, ಹುಡುಗರು ಅದನ್ನೇ ತರ್ತಾರೆ. ಬೇಡ. ಅದರ ಮೇಲೆ ನೂಲು ನೇಯ್ದಿರ್ತಾರೆ. ಒಂದಕ್ಕೆ ಎರಡರಷ್ಟು ಎಳೆಯುತ್ತೆ, ಆಮೇಲೆ ನೂಲು ಅಡ್ಡ ಬಂದು ಟಕ್ ಅಂತ ನಿಂತುಬಿಡುತ್ತೆ. ಆ ನಿಲ್ಲೋದೇ ಒಂದು ಜಗ್ಗು. ಅದೂ ಅಲ್ಲದೆ ನೀರು ಕುಡಿದು ಭಾರ ಆಗುತ್ತೆ.

ಎರಡನೇದು ಸೊಪ್ಪಿಗೂ ಪೊಟ್ಟಣಕ್ಕೂ ಹಾಕುವ ರಬ್ಬರ್ ಬ್ಯಾಂಡು. ನಾಕೈದು ಕೂಡಿಸಿ ಸರಪಣಿ ಮಾಡಿ ಕಟ್ಟಬಹುದು. ಪಕ್ಕೆ ಮೀನು, ಸಣ್ಣ ಜಿಲೇಬಿಗೆ ಸಾಕು. ಆದರೆ ಬಿಸಿಲಿಗೆ ನಾಕು ದಿನದಲ್ಲಿ ಬಿರುಕು ಬಿಡುತ್ತೆ. ನಿನ್ನೆ ಚೆನ್ನಾಗಿತ್ತು ಅಂತ ಇವತ್ತು ನಂಬೋ ಹಾಗಿಲ್ಲ.

ಮೂರನೇದು ಸೈಕಲ್ ಟ್ಯೂಬು. ಇದರಲ್ಲಿ ಎರಡು ತರ. ನಾವು ಹುಡುಗರಾಗಿದ್ದಾಗ ಬರುತ್ತಿದ್ದ ಕೆಂಪು ಟ್ಯೂಬು ಮರದ ಹಾಲಿನ ರಬ್ಬರು, ಎಳೆದು ಬಿಟ್ಟರೆ ಚಟ್ಟನೆ ವಾಪಸ್ ಬರುತ್ತೆ. ಈಗ ಹೆಚ್ಚಾಗಿ ಬರೋ ಕಪ್ಪು ಟ್ಯೂಬು ಬೇರೆ ತರದ್ದು, ಬ್ಯೂಟೈಲ್ ಅಂತಾರೆ. ಗಾಳಿ ಚೆನ್ನಾಗಿ ಹಿಡಿಯುತ್ತೆ, ಬಿಸಿಲಿಗೂ ತಡೆಯುತ್ತೆ. ಆದರೆ ಎಳೆದು ಬಿಟ್ಟರೆ ಸೋಮಾರಿ ಎತ್ತಿನ ಹಾಗೆ ನಿಧಾನಕ್ಕೆ ಬರುತ್ತೆ. ಮೀನು ತಿರುಗಿ ನಮ್ಮ ಕಡೆಗೇ ಬಂದಾಗ ದಾರ ಸಡಿಲಾಗಿ ಮುಳ್ಳು ಕಳಚಿಕೊಳ್ಳುತ್ತೆ. ಬಿಟ್ಟುಕೊಟ್ಟರೆ ಸಾಲದು, ಬಿಟ್ಟುಕೊಟ್ಟದ್ದನ್ನ ಕೂಡಲೇ ವಾಪಸ್ ಎಳಕೊಳ್ಳಬೇಕು. ಇದೇ ರಬ್ಬರಿನ ಮುಖ್ಯ ಗುಣ.

ನಾಲ್ಕನೇದು ವಾಲ್ ಟ್ಯೂಬು. ಸೈಕಲ್ ಚಕ್ರಕ್ಕೆ ಗಾಳಿ ಹೊಡೆಯೋ ಕಡ್ಡಿಯ ಮೇಲೆ ಹಾಕ್ತಾರಲ್ಲ, ಕಡ್ಡಿ ದಪ್ಪದ ಸಣ್ಣ ಕೊಳವೆ, ಅದು. ಹಳೇ ಸೈಕಲ್ ಶಾಪಲ್ಲಿ ಅಳತೆ ಮಾಡಿ ಕತ್ತರಿಸಿ ಕೊಡ್ತಾರೆ. ಒಳಗೆ ಪೊಳ್ಳು, ಮೆತ್ತಗೆ ಎಳೆಯುತ್ತೆ, ಉದ್ದಕ್ಕೆ ಎಳೆಯುತ್ತೆ, ಬಿಟ್ಟರೆ ಕೂಡಲೇ ಬರುತ್ತೆ. ಅರ್ಧ ಕಿಲೋದಿಂದ ಒಂದೂವರೆ ಕಿಲೋ ಮೀನಿಗೆ ಇದಕ್ಕಿಂತ ಒಳ್ಳೇದು ನಾನು ಕಂಡಿಲ್ಲ. ಎರಡೆಳೆ ಮಾಡಿ ಕಟ್ಟಿದರೆ ಇನ್ನೂ ದೊಡ್ಡದಕ್ಕೂ ಆಗುತ್ತೆ.

ಐದನೇದು ರಕ್ತ ತೆಗೆಯುವಾಗ ತೋಳಿಗೆ ಬಿಗಿಯೋ ಕೊಳವೆ ರಬ್ಬರು. ಮೆಡಿಕಲ್ ಶಾಪಲ್ಲಿ ಕೇಳಿದರೆ ಸಿಗುತ್ತೆ, ರೇಟು ಜಾಸ್ತಿ. ಬಲ ಬಹಳ. ಸಣ್ಣ ಮೀನಿಗೆ ಕಟ್ಟಿದರೆ ಕಟ್ಟಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಯಾವುದು ಒಳ್ಳೇದು ಅಂತ ಕೇಳಿದರೆ ಮೀನು ಯಾವುದು ಅಂತ ನಾನು ಕೇಳ್ತೀನಿ. ಪಕ್ಕೆ ಮೀನಿನ ತುಟಿ ಮೆತ್ತಗೆ, ಗಟ್ಟಿ ರಬ್ಬರಾದರೆ ತುಟಿ ಹರಿದು ಮುಳ್ಳು ಕೈಗೆ ಬರುತ್ತೆ. ಗೆಂಡೆಯ ತುಟಿ ದಪ್ಪ, ತೀರಾ ಮೆತ್ತಗಿನ ರಬ್ಬರಾದರೆ ಮುಳ್ಳು ನಾಟೋದೇ ಇಲ್ಲ, ಬಾಯಲ್ಲಿಟ್ಟು ಉಗಿದು ಹೋಗುತ್ತೆ. ಕೊರವನ ಬಾಯಿ ಬರೀ ಮೂಳೆ. ಅದು ಕಚ್ಚಿದ ಕೂಡಲೇ ಜೊಂಡಿನ ಬುಡಕ್ಕೆ ನುಗ್ಗುತ್ತೆ, ಅದಕ್ಕೆ ರಬ್ಬರೇ ಬೇಡ, ದಪ್ಪ ದಾರ ಕಟ್ಟಿ ಒಂದೇ ಏಟಿಗೆ ದಡಕ್ಕೆ ಎಸೀಬೇಕು. ಎಲ್ಲದಕ್ಕೂ ಬಿಟ್ಟುಕೊಡಬೇಕು ಅಂತಲ್ಲ. ಎಲ್ಲಿ ಬಿಡಬೇಕು, ಎಲ್ಲಿ ಬಿಡಬಾರದು ಅಂತ ಗೊತ್ತಿರಬೇಕು.

ಅಳತೆ ನೋಡೋದು ಹೀಗೆ. ದಾರಕ್ಕೆ ಗಂಟು ಹಾಕಿ ಮರದ ಕೊಂಬೆಗೆ ಕಟ್ಟಿ, ಕೆಳಗೆ ಚೀಲ ನೇತು ಹಾಕಿ, ಅಂಗಡಿಯ ತೂಕದ ಕಲ್ಲು ಒಂದೊಂದೇ ಇಡಬೇಕು. ಗಂಟು ಹಾಕಿದ ದಾರ ಗಂಟಿಲ್ಲದ ದಾರಕ್ಕಿಂತ ಬೇಗ ಕೀಳುತ್ತೆ, ಅದಕ್ಕೇ ಗಂಟು ಹಾಕಿಯೇ ನೋಡಬೇಕು. ನಾನು ಕಟ್ಟುವ ದಾರ ಸುಮಾರು ಐದು ಕಿಲೋಗೆ ಕೀಳುತ್ತೆ. ಹಾಗಾದರೆ ರಬ್ಬರು ಎರಡು, ಎರಡೂವರೆ ಕಿಲೋ ಒಳಗೇ ಪೂರ್ತಿ ಎಳಕೊಂಡಿರಬೇಕು. ದಾರದ ಬಲದ ಅರ್ಧಕ್ಕಿಂತ ರಬ್ಬರಿನ ಬಲ ಜಾಸ್ತಿ ಇರಬಾರದು. ಗೇಣುದ್ದ ರಬ್ಬರು ಮೂರು ನಾಕು ಗೇಣು ಎಳೆದರೆ ಸಾಕು. ಕೆಂಪು ಟ್ಯೂಬಾದರೆ ಬೆರಳಗಲ ಕತ್ತರಿಸಬೇಕು. ಅಂಚು ನುಣ್ಣಗಿರಬೇಕು, ಕತ್ತರಿ ಒಂದು ಕಡೆ ಕಚ್ಚಿದ್ದರೂ ಅಲ್ಲಿಂದಲೇ ಹರಿಯುತ್ತೆ.

ಇದರ ಜೊತೆಗೆ ನನ್ನ ತಮ್ಮ ಮಾಡಿದ ಇನ್ನೊಂದು ಉಪಾಯ ಇದೆ. ರಬ್ಬರಿನ ಪಕ್ಕಕ್ಕೆ ಒಂದು ಗಟ್ಟಿ ದಾರ ಸಡಿಲವಾಗಿ ಕಟ್ಟುತ್ತಿದ್ದ, ರಬ್ಬರು ಪೂರ್ತಿ ಎಳೆದಾಗ ಮಾತ್ರ ಬಿಗಿಯಾಗೋ ಹಾಗೆ. ಅದಕ್ಕೆ ಕಾವಲು ದಾರ ಅಂತ ಹೆಸರಿಟ್ಟಿದ್ದ. ಅಕಸ್ಮಾತ್ ರಬ್ಬರು ಕಿತ್ತರೂ ಕೋಲಿಗೂ ಮೀನಿಗೂ ಸಂಬಂಧ ತಪ್ಪಲ್ಲ.

ಈಗ ಕೋಲಾಟಕ್ಕೆ ಬರ್ತೀನಿ. ಇಪ್ಪತ್ತು ವರ್ಷಕ್ಕೂ ಮೇಲೆ ನಮ್ಮೂರ ಕೋಲಾಟದಲ್ಲಿ ಮುಂದೆ ಹೇಳೋನು ನಾನು, ಹಿಂದೆ ಹೇಳೋರಲ್ಲಿ ಮೊದಲನೆಯವನು ನನ್ನ ತಮ್ಮ. ಕೋಲಾಟ ಆಡಿದವರಿಗೆ ಗೊತ್ತು, ಪದ ನಿಧಾನಕ್ಕೆ ಶುರುವಾಗಿ ಬರಬರುತ್ತಾ ವೇಗ ಏರುತ್ತೆ. ಎಷ್ಟು ಏರಬೇಕು ಅನ್ನೋದು ಮುಂದೆ ಹೇಳೋನ ಕೈಲಿದೆ ಅಂತ ನೋಡೋರು ತಿಳಕೊಳ್ತಾರೆ. ನಾನೂ ಹಂಗೇ ತಿಳಕೊಂಡಿದ್ದೆ. ನನ್ನದು ಅವಸರದ ಗಂಟಲು. ಜನ ಕೇಕೆ ಹೊಡೆದರೆ ಪದ ಎಳಕೊಂಡು ಓಡಿಬಿಡ್ತಿದ್ದೆ. ತಮ್ಮ ಸಾಲು ತಿರುಗಿ ಹೇಳುವಾಗ ಕೊನೇ ಅಕ್ಷರ ಒಂದು ಚೂರು ತಡೆದು ಹಿಡೀತಿದ್ದ. ಅಷ್ಟರಲ್ಲಿ ವಯಸ್ಸಾದವರ ಕಾಲು ಹೆಜ್ಜೆಗೆ ಸೇರಿಕೊಳ್ತಿತ್ತು, ಕೋಲಿಗೆ ಕೋಲು ಸಿಕ್ತಿತ್ತು. ಅವನು ಹಂಗೆ ಮಾಡ್ತಿದ್ದ ಅಂತ ನನಗೆ ಗೊತ್ತಾದದ್ದು ಅವನು ಬಿಟ್ಟು ಹೋದ ಮೇಲೆ.

ಬಿಟ್ಟು ಹೋಗಲಿಲ್ಲ, ನಾನೇ ಬಿಡಿಸಿದೆ. ಅದನ್ನ ಬರೆಯದೆ ರಬ್ಬರಿನ ವಿಷಯ ಬರೆದರೆ ಅರ್ಧ ಬರೆದ ಹಾಗೆ.

2013ರಲ್ಲಿ ನಮ್ಮಿಬ್ಬರ ಪಾಲಿನ ಹಳೇ ಬೋರು ಬತ್ತಿತು. ನಮ್ಮ ಮಡಕಶಿರಾ ಸೀಮೆಯಲ್ಲಿ ಬೋರು ಬತ್ತೋದು ಹೊಸ ಸುದ್ದಿ ಅಲ್ಲ. ಇನ್ನೊಂದು ಕೊರೆಸಬೇಕು, ಖರ್ಚು ಇಬ್ಬರದೂ ಅಂತ ಮಾತಾಗಿತ್ತು. ಕೊರೆಸಿದ್ದು ನನ್ನ ಹೊಲದಲ್ಲಿ, 850 ಅಡಿಗೆ ಒಂದೂವರೆ ಇಂಚು ನೀರು ಬಿತ್ತು. ಅದೇ ವರ್ಷ ಅವನ ಮಗಳ ಮದುವೆ. ಅವನ ಪಾಲಿನ ದುಡ್ಡು ಕೊಡೋಕೆ ಆಗಲಿಲ್ಲ. ‘ಕಡ್ಲೇಕಾಯಿ ಬಂದಮೇಲೆ ಕೊಡ್ತೀನಿ ಅಣ್ಣಯ್ಯ, ಅಲ್ಲೀತನಕ ಎರಡು ದಿನಕ್ಕೆ ಒಂದು ಸಲ ಗಿಡಕ್ಕೆ ನೀರು ಬಿಡು’ ಅಂದ. ನಾನು ಅರಳಿಕಟ್ಟೆ ಮೇಲೆ ನಾಕು ಜನರ ಮುಂದೆ, ‘ದುಡ್ಡು ಕೊಟ್ಟೋನಿಗೆ ನೀರು’ ಅಂದೆ. ಅವನು ಎದ್ದು ಹೋದ. ಎರಡನೇ ಸಲ ಕೇಳಲಿಲ್ಲ.

ಅವನ ಹೊಲದಲ್ಲಿ ನಾಕು ವರ್ಷದ 180 ಅಡಿಕೆ ಗಿಡ ಇದ್ದವು. ಒಂದೇ ಬೇಸಿಗೆಗೆ ಒಣಗಿದವು. ನಮ್ಮಿಬ್ಬರ ಹೊಲಕ್ಕೂ ನಡುವೆ ಇರೋದು ಒಂದು ಬದು. ಈ ಕಡೆ ನನ್ನ ಗಿಡ ಹಸಿರು, ಆ ಕಡೆ ಅವನ ಗಿಡದ ಗರಿ ಒಂದೊಂದೇ ಜೋತುಬಿದ್ದು ಕಂದು ಬಣ್ಣಕ್ಕೆ ತಿರುಗೋದು ನಾನು ದಿನಾ ನೋಡಿದ್ದೀನಿ. ಇವತ್ತು ಬಂದು ಕೇಳ್ತಾನೆ, ನಾಳೆ ಬಂದು ಕೇಳ್ತಾನೆ ಅಂತ ಕಾದೆ. ಕೇಳಿದ್ದರೆ ಬಿಡ್ತಿದ್ದೆ. ಕೇಳಲಿ ಅಂತ ನಾನು, ಕೇಳಲ್ಲ ಅಂತ ಅವನು. ಕೋಲೂ ದಾರವೂ ಒಂದೇ ಗೆರೆಗೆ ಬಂದು ನಿಂತಿತ್ತು. ಕಡ್ಲೇಕಾಯಿ ಮಾರಿದ ಮೇಲೆ ಅವನ ಪಾಲಿನ ದುಡ್ಡು ಬೇರೆಯವರ ಕೈಲಿ ಕಳಿಸಿದ. ಒಂದು ರೂಪಾಯಿ ಕಮ್ಮಿ ಇರಲಿಲ್ಲ. ಅಷ್ಟೊತ್ತಿಗೆ ನೀರು ಬಿಡೋಕೆ ಗಿಡ ಇರಲಿಲ್ಲ.

ಆಮೇಲೆ ಒಂಬತ್ತು ವರ್ಷ ಮಾತಿಲ್ಲ. ಕೋಲಾಟಕ್ಕೂ ಅವನು ಬರಲಿಲ್ಲ. ಅವನ ಜಾಗಕ್ಕೆ ಬೇರೆಯವರು ನಿಂತರು, ಒಳ್ಳೇ ಗಂಟಲಿನವರೇ. ಆದರೆ ನಾನು ಎಳೆದರೆ ಅವರೂ ನನ್ನ ಹಿಂದೆ ಓಡಿ ಬರ್ತಿದ್ದರು. ಹೆಜ್ಜೆ ತಪ್ಪಿ ಕೋಲು ಬೆರಳಿಗೆ ಬೀಳ್ತಿತ್ತು. ಒಬ್ಬೊಬ್ಬರೇ ಬಿಟ್ಟರು. ಎರಡು ವರ್ಷಕ್ಕೆ ಮೇಳವೇ ನಿಂತುಹೋಯಿತು. ಗಾಳಕ್ಕೆ ರಬ್ಬರು ಕಟ್ಟೋದೂ ನಾನು ಬಿಟ್ಟಿದ್ದೆ. ಅದು ಅವನ ಕೆಲಸ, ನನಗ್ಯಾಕೆ ಅಂತ ಹಟ. ಹೇಗೂ ಕೆರೆಯಲ್ಲಿ ನೀರಿರಲಿಲ್ಲ, ಹಟಕ್ಕೆ ಖರ್ಚೂ ಇರಲಿಲ್ಲ.

2022ರಲ್ಲಿ ಮಳೆ ಬಂತು. ನಮ್ಮ ಕೆರೆ ಕೋಡಿ ಬಿದ್ದದ್ದು ನೋಡದ ಮಕ್ಕಳು ಊರಲ್ಲಿದ್ದರು. ಅವರಿಗೆ ಅದೊಂದು ಜಾತ್ರೆ. ಮೇಲಿನ ಕೆರೆಗಳಿಂದ ನೀರಿನ ಜೊತೆ ಮೀನೂ ಬಂತು. ಬಲೆ ಇದ್ದವರು ಬಲೆ ತಂದರು, ಇಲ್ಲದವರು ಸೀರೆ ಹಿಡಿದರು, ನಾನು ಅಟ್ಟದ ಮೇಲಿದ್ದ ಕೋಲು ಇಳಿಸಿದೆ. ಹಿಂದೂಪುರದಿಂದ ಹೊಸ ದಾರ ತರಿಸಿ, ಕಡ್ಲೇಕಾಯಿ ಹಿಂಡಿಗೆ ರಾಗಿ ಮುದ್ದೆ ಕಲಸಿ ಉಂಡೆ ಮಾಡಿಕೊಂಡು ಹೋಗಿ ಕೋಡಿ ಪಕ್ಕದ ಕಲ್ಲಿನ ಮೇಲೆ ಕೂತೆ. ಐವತ್ತು ಮಾರು ಆಚೆ ತಮ್ಮನೂ ಕೂತಿದ್ದ. ಅವನ ಕೋಲಿನ ತುದಿಯಲ್ಲಿ ಕೆಂಪಗೆ ಏನೋ ಕಾಣ್ತಿತ್ತು. ನಾನು ಆ ಕಡೆ ನೋಡದ ಹಾಗೆ ಕೂತೆ.

ಮಧ್ಯಾಹ್ನದ ಹೊತ್ತಿಗೆ ಬೆಂಡು ಒಂದೇ ಸಲ ಮುಳುಗಿತು. ಎತ್ತಿದೆ. ಕಲ್ಲಿಗೆ ಸಿಕ್ಕಿದ ಹಾಗೆ ಭಾರ. ಆಮೇಲೆ ಆ ಕಲ್ಲು ಓಡಿತು. ಕೋಲು ಅದರ ಕಡೆಗೇ ಬಗ್ಗಿತು, ಟಪ್ ಅಂತ ಒಂದು ಸದ್ದು. ದಾರ ಮುಖಕ್ಕೆ ಬಂದು ಹೊಡೀತು. ಇನ್ನೊಂದು ದಾರ ಕಟ್ಟಿದೆ. ಸಾಯಂಕಾಲದ ಹೊತ್ತಿಗೆ ಅದೂ ಹೋಯಿತು. ಸುತ್ತ ಇದ್ದ ಹುಡುಗರು ‘ಅಯ್ಯೋ ತಾತ’ ಅಂದರು. ಎದ್ದು ಬರುವಾಗ ಅವನ ಮುಂದೇನೇ ಹಾದು ಬರಬೇಕಿತ್ತು. ಅವನು ತಲೆ ಎತ್ತಲಿಲ್ಲ. ನಗಲೂ ಇಲ್ಲ. ನಕ್ಕಿದ್ದರೆ ಚೆನ್ನಾಗಿರ್ತಿತ್ತು.

ಮಾರನೇ ದಿನ ಬೆಳಿಗ್ಗೆ ಅವನ ಮೊಮ್ಮಗಳು, ಐದಾರು ವರ್ಷದ ಮಗು, ನಮ್ಮ ಅಂಗಳಕ್ಕೆ ಬಂದು ಪೇಪರಿನ ಪೊಟ್ಟಣ ಒಂದು ಕೊಟ್ಟು ಓಡಿಹೋಯಿತು. ಬಿಚ್ಚಿದರೆ ಒಂದು ಗೇಣು ಕೆಂಪು ಟ್ಯೂಬು, ಬೆರಳಗಲ, ಅಂಚು ನುಣ್ಣಗೆ. ಪಕ್ಕದಲ್ಲಿ ಕಾವಲು ದಾರ ಅಳತೆ ಮಾಡಿ ಆಗಲೇ ಕಟ್ಟಿತ್ತು. ರಬ್ಬರು ಅಂಟಿಕೊಳ್ಳದ ಹಾಗೆ ಮುಖದ ಪೌಡರ್ ಹಚ್ಚಿತ್ತು. ಆ ಟ್ಯೂಬು ಈಗ ಸಿಗಲ್ಲ, ಎಷ್ಟು ವರ್ಷದಿಂದ ಎತ್ತಿಟ್ಟಿದ್ದನೋ. ನಮ್ಮ ಮನೆಯಾಕೆ ನೋಡಿದಳು. ‘ಅವರೇ ಕಟ್ಟಿ ಕಳಿಸವ್ರೆ, ನೀವಿನ್ನೂ ಕೈಯಲ್ಲಿ ಹಿಡಕೊಂಡು ಏನು ನೋಡ್ತೀರಾ?’ ಅಂದಳು.

ಕೋಲಿಗೆ ಕಟ್ಟಿಕೊಂಡು ಹೋದೆ. ಎರಡು ದಿನ ಸಣ್ಣ ಪುಟ್ಟದ್ದೇ ಬಂತು. ಮೂರನೇ ದಿನ ಹೊತ್ತು ಇಳಿಯುವಾಗ ಮತ್ತೆ ಆ ಕಲ್ಲು ಸಿಕ್ಕಿತು. ಓಡಿತು. ಕೋಲು ಬಗ್ಗಿತು. ನನ್ನ ಕೈ ಹಳೇ ಅಭ್ಯಾಸಕ್ಕೆ ಹಿಂದಕ್ಕೆ ಎಳೆಯೋಕೆ ಹೊರಟಿತು. ಆಗ ಬೆನ್ನ ಹಿಂದೆ ಹತ್ತಡಿ ದೂರದಲ್ಲಿ ಒಂದು ಮಾತು ಬಂತು.

‘ಎಳೀಬೇಡ ಅಣ್ಣಯ್ಯ. ಅದೇ ಎಳಕೊಳ್ತದೆ.’

ಒಂಬತ್ತು ವರ್ಷಕ್ಕೆ ಮೊದಲನೇ ಮಾತು ಅದು. ನಾನು ತಿರುಗಿ ನೋಡಲಿಲ್ಲ, ನೋಡೋ ಹಾಗೂ ಇರಲಿಲ್ಲ. ಕೋಲು ಎತ್ತಿ ಹಿಡಿದು ಸುಮ್ಮನೆ ನಿಂತೆ. ರಬ್ಬರು ಒಂದು ಗೇಣಿಂದ ಒಂದು ಮೊಳ ಆಯ್ತು, ಅದಕ್ಕೂ ಮೇಲೆ ಹೋಯ್ತು. ಕಾವಲು ದಾರ ಇನ್ನೇನು ಬಿಗಿಯಾಗಬೇಕು ಅನ್ನುವಾಗ ಮೀನು ನಿಂತಿತು. ಮೆಲ್ಲಗೆ ರಬ್ಬರು ಚಿಕ್ಕದಾಯ್ತು. ಮತ್ತೆ ಓಡಿತು, ಮತ್ತೆ ನಿಂತಿತು. ‘ಬಿಡು... ಬಿಡು... ಈಗ ನಿಧಾನಕ್ಕೆ ಹಿಂದಕ್ಕೆ ನಡಿ’ ಅಂತ ಅವನು ಹೇಳ್ತಾ ಇದ್ದ, ಕೋಲಾಟದಲ್ಲಿ ಸಾಲಿನ ಕೊನೆ ತಡೆದು ಹಿಡೀತಿದ್ದನಲ್ಲ, ಅದೇ ದನಿ. ಕಾಲು ಗಂಟೆ ಆದಮೇಲೆ ಮೀನು ಪಕ್ಕ ತಿರುಗಿಸಿ ಹೊಟ್ಟೆ ತೋರಿಸಿತು. ಅವನು ಮೊಣಕಾಲುದ್ದ ನೀರಿಗೆ ಇಳಿದು ವಲ್ಲಿಬಟ್ಟೆಯಲ್ಲಿ ಸುತ್ತಿ ಎತ್ತಿದ. ಗೆಂಡೆ. ನಾಕು ಕಿಲೋ ಮೇಲೆ ಇತ್ತು.

ಕೋಡಿ ಕಲ್ಲಿನ ಮೇಲೆ ಕೊಯ್ದೆವು. ನಾನು ಏನೂ ಹೇಳಲಿಲ್ಲ, ತಲೆ ಕಡೆ ಅವನ ಮುಂದೆ ಇಟ್ಟೆ. ‘ಕೋಲು ಹಿಡಿದೋನು ನೀನು’ ಅಂದ. ‘ರಬ್ಬರು ಕಟ್ಟಿದೋನು ನೀನಲ್ವಾ’ ಅಂದೆ. ಅಷ್ಟೇ ನಮ್ಮ ರಾಜಿ ಪಂಚಾಯ್ತಿ. ಅಡಿಕೆ ಗಿಡದ ಮಾತು ಅವನು ಎತ್ತಲಿಲ್ಲ. ನಾನು ಎತ್ತಬೇಕಿತ್ತು, ಬಾಯಿ ಬರಲಿಲ್ಲ. ಆ ವಾರ ಪೈಪಿನವನನ್ನ ಕರೆಸಿ ಬೋರಿನ ಲೈನಿಗೆ ಒಂದು ಟೀ ಜಾಯಿಂಟು ಹಾಕಿಸಿ, ಬದುವಿನ ಆಚೆ ಒಂದು ಗೇಟ್ ವಾಲು ಕೂರಿಸಿದೆ. ಅವನ ಕಡೆಯಿಂದ ಅವನೇ ತಿರುಗಿಸಿಕೊಳ್ಳೋ ಹಾಗೆ, ನನ್ನ ಕೇಳೋ ಹಾಗಿಲ್ಲ. ಒಂದು ತಿಂಗಳು ಅದನ್ನ ಮುಟ್ಟಲಿಲ್ಲ. ಆಮೇಲೆ ಒಂದು ದಿನ ಬೆಳಿಗ್ಗೆ ಬದುವಿನ ಆಚೆ ನೆಲ ಒದ್ದೆ ಇತ್ತು. ಈಗ ಅಲ್ಲಿ ಹೊಸ ಅಡಿಕೆ ಸಸಿ ಇವೆ. ಹಳೇ 180 ಗಿಡ ಬದುಕಿದ್ದರೆ ಇಷ್ಟು ಹೊತ್ತಿಗೆ ಫಸಲು ಕೊಡ್ತಿದ್ದವು. ಆ ಲೆಕ್ಕ ನನ್ನ ತಲೆಯಿಂದ ಹೋಗಲ್ಲ, ಹೋಗಲೂ ಬಾರದು.

ಹೋದ ವರ್ಷ ನನ್ನ ಮೊಮ್ಮಗ ಫೋನಲ್ಲಿ ಒಂದು ವಿಡಿಯೋ ತೋರಿಸಿದ. ಇಂಗ್ಲೆಂಡಿನಲ್ಲಿ ರಾಟೆ ಇಲ್ಲದ ಗಾಳ ಹಾಕ್ತಾರೆ. ಕೋಲು ನಮ್ಮ ಬಿದಿರಲ್ಲ, ಕಾರ್ಬನ್ನಿಂದ ಮಾಡಿದ್ದು, ತುಂಡು ತುಂಡಾಗಿ ಜೋಡಿಸಿ 16 ಮೀಟರ್ ತನಕ ಉದ್ದ ಮಾಡ್ತಾರೆ. ಒಳಗೆ ಪೊಳ್ಳು. ಕೋಲಿನ ತುದಿಯ ಆ ಪೊಳ್ಳಿನಲ್ಲಿ ರಬ್ಬರು ಹಾಯಿಸಿ, ಒಳಗಡೆ ಬಿರಡೆಗೆ ಕಟ್ಟಿ, ತುದಿಯಲ್ಲಿ ನುಣುಪಾದ ಬಳೆಯ ಮೂಲಕ ಹೊರಗೆ ತಂದು ದಾರಕ್ಕೆ ಸೇರಿಸ್ತಾರೆ. ರಬ್ಬರಿಗೆ ನಂಬರು ಇದೆ, ಬಣ್ಣ ಬಣ್ಣದ್ದು ಇದೆ. ಸಣ್ಣ ಮೀನಿಗೆ ಸಣ್ಣ ನಂಬರು, ನಮ್ಮ ಗೆಂಡೆ ಜಾತಿಯ ದೊಡ್ಡ ಮೀನಿಗೆ ದೊಡ್ಡ ನಂಬರು. ನಮ್ಮ ವಾಲ್ ಟ್ಯೂಬಿನ ಹಾಗೆ ಪೊಳ್ಳು ರಬ್ಬರೂ ಇದೆ. ತಮ್ಮನನ್ನ ಕರೆದು ತೋರಿಸಿದೆ. ಪೂರ್ತಿ ನೋಡಿದ. ‘ನೋಡ್ದಾ?’ ಅಂತ ನನ್ನ ಕಡೆ ತಿರುಗಿದ. ಸೈಕಲ್ ಶಾಪಿನ ಹುಡುಗ ಕಟ್ಟಿದ್ದಕ್ಕೆ ನಾನು ನಕ್ಕಿದ್ದು ಅವನಿಗೆ ಇನ್ನೂ ನೆನಪಿದೆ. ಕೊನೆಗೆ ಅವರು ಹಿಡಿದ ಮೀನನ್ನ ವಾಪಸ್ ನೀರಿಗೇ ಬಿಟ್ಟರು. ‘ತಿನ್ನದೇ ಇರೋ ಮೀನಿಗೆ ಇಷ್ಟೊಂದು ಕಷ್ಟನಾ?’ ಅಂತ ಅವನಿಗೆ ಆಶ್ಚರ್ಯ ಆಯ್ತು.

ಹೊಸದಾಗಿ ಕಟ್ಟೋರಿಗೆ ಇನ್ನು ನಾಕು ಮಾತು. ರಬ್ಬರಿಗೆ ನೇರ ಗಂಟು ಹಾಕಬೇಡಿ, ಗಂಟು ಜಾರುತ್ತೆ, ಇಲ್ಲ ರಬ್ಬರನ್ನೇ ಕತ್ತರಿಸುತ್ತೆ. ತುದಿ ಮಡಿಸಿ ಮೇಲೆ ಹತ್ತಿ ನೂಲು ಒತ್ತಾಗಿ ಸುತ್ತಬೇಕು. ಎಣ್ಣೆ, ಸೀಮೆಎಣ್ಣೆ ತಾಗಿಸಬೇಡಿ, ರಬ್ಬರು ಉಬ್ಬಿ ಕೊಳೆಯುತ್ತೆ. ಮನೆಗೆ ಬಂದಮೇಲೆ ಒರೆಸಿ ಪೌಡರ್ ಹಚ್ಚಿ ನೆರಳಲ್ಲಿಡಿ. ಎಳೆದ ಹಾಗೇ ಬಿಗಿದು ಇಡಬೇಡಿ, ಕೆಲಸ ಇಲ್ಲದಾಗ ಸಡಿಲ ಇರಲಿ. ಗಾಳಕ್ಕೆ ಹೊರಡುವ ಮುಂಚೆ ಬೆಳಕಿಗೆ ಹಿಡಿದು ಎಳೆದು ನೋಡಿ. ಕೂದಲಷ್ಟು ಬಿರುಕು ಕಂಡರೂ ಎಸೀರಿ, ಆಸೆ ಮಾಡಬೇಡಿ.

ಚೆನ್ನಾಗಿ ಕಂಡರೂ ವರ್ಷಕ್ಕೊಂದು ಸಲ ಬದಲಾಯಿಸಲೇಬೇಕು. ಒಂದು ಸಲ ಕಟ್ಟಿದ್ದು ಕಾಲಕ್ಕೂ ಬರುತ್ತೆ ಅಂತ ನಂಬಿದರೆ ಕೆಟ್ಟಿರಿ. ಕೆಂಪು ಟ್ಯೂಬು ಮುಗೀತು, ನಾವೀಗ ವಾಲ್ ಟ್ಯೂಬು ಎರಡೆಳೆ ಮಾಡಿ ಕಟ್ಟುತ್ತೀವಿ. ಉಗಾದಿ ಹಬ್ಬದ ಮಾರನೇ ದಿನ ತಮ್ಮ ನಮ್ಮ ಮನೆಗೆ ಬರ್ತಾನೆ. ಇಬ್ಬರೂ ಜಗಲಿ ಮೇಲೆ ಕೂತು ಹಳೇದು ಬಿಚ್ಚಿ ಹೊಸದು ಕಟ್ಟುತ್ತೀವಿ. ನಾನು ಒಂದು ಕೊನೆ ಹಿಡಕೊಳ್ತೀನಿ, ಅವನು ಇನ್ನೊಂದು ಕೊನೆ ಎಳೆದು ಅಳತೆ ನೋಡ್ತಾನೆ. ಕೆರೆಯಲ್ಲಿ ನೀರಿರಲಿ ಬಿಡಲಿ, ಅಷ್ಟು ಮಾತ್ರ ತಪ್ಪಿಸಲ್ಲ.